ಬಾಯಲ್ಲಿ ಮಾಡಿ ತೋರಿಸಿದ ಸದ್ದು

ಕಳೆದ ಭಾನುವಾರ ನನ್ನ ಮಗಳು ತೀರ್ಥಹಳ್ಳಿಯಿಂದ ಸಾಗರಕ್ಕೆ, ನನ್ನ ಮನೆಗೆ, ಕಾರಿನಲ್ಲಿ ಬಂದಳು. ಚಪ್ಪಲಿ ಬಿಡುವುದಕ್ಕೂ ಮೊದಲು, "ಅಪ್ಪಾ, ಹೊಸ ಕ್ಲಚ್ ಹಾಕಿಸಿದ ಮೇಲೆ ಎಂತದೋ ಸದ್ದು ಬರ್ತಿದೆ. ಗ್ಯಾರೇಜಿನವನು ಓಡ್ತಾ ಓಡ್ತಾ ಸರಿಹೋಗ್ತದೆ ಮೇಡಂ ಅಂತಾನೆ. ನೀವು ಡ್ರೈವರ್ ಮಗ ಅಲ್ವಾ, ಒಂದ್ಸಲ ಬಂದು ಕೇಳಿ" ಎಂದಳು.

"ಡ್ರೈವರ್ ಮಗ" ಎಂಬ ಎರಡು ಶಬ್ದಗಳನ್ನು ಅವಳು ಎಷ್ಟು ಹಗುರವಾಗಿ, ಎಂಥ ಹೆಮ್ಮೆಯಿಂದ ಹೇಳಿದಳು! ನನ್ನ ಕಾಲೇಜಿನ ದಿನಗಳಲ್ಲಿ ಯಾರಾದರೂ ಮನೆಯ ವಿಷಯ ವಿಚಾರಿಸಿದರೆ ಹೇಳುವುದಕ್ಕೆಂದು "ತಂದೆಯವರು ಸಾರಿಗೆಯ ವೃತ್ತಿಯಲ್ಲಿದ್ದಾರೆ" ಎಂಬ ಒಂದು ಶುದ್ಧವಾದ ವಾಕ್ಯವನ್ನು ನಾನು ಇಸ್ತ್ರಿ ಮಾಡಿದ ಅಂಗಿಯಂತೆ ಸಿದ್ಧವಾಗಿ ಇಟ್ಟುಕೊಂಡಿದ್ದೆ. ಅದನ್ನು ತೊಡುವ ಪ್ರಸಂಗ ಅಷ್ಟಾಗಿ ಬರಲಿಲ್ಲವೆನ್ನಿ; ಹೊಸನಗರದ ಹುಡುಗನೊಬ್ಬನ ತಂದೆ ಯಾರೆಂದು ಶಿವಮೊಗ್ಗದಲ್ಲಿ ಯಾರಿಗೂ ಅಂಥ ಕುತೂಹಲವಿರಲಿಲ್ಲ.

"ಬಂದೆ, ಇರು" ಎಂದು ಒಳಗೆ ಹೋಗಿ, ಛತ್ರಿಗಳನ್ನು ನಿಲ್ಲಿಸುವ ಮೂಲೆಗೆ ಕೈಹಾಕಿದೆ. ಅಲ್ಲಿ ಛತ್ರಿಗಳ ಹಿಂದೆ ಒಂದು ಬೀಟೆಯ ಕೋಲು ಇದೆ. ಮೊಳಕ್ಕಿಂತ ಸ್ವಲ್ಪ ಉದ್ದ. ಒಂದು ತುದಿ ಪೆನ್ಸಿಲಿನಂತೆ ಸಪೂರ; ಇನ್ನೊಂದು ತುದಿ ಅಣಬೆಯ ತಲೆಯಂತೆ ಅಗಲವಾಗಿ, ಸವೆದು, ಕನ್ನಡಿಯಷ್ಟು ನುಣುಪಾಗಿದೆ. ಆ ನುಣುಪು ಅದನ್ನು ಕೆತ್ತಿದ ಬಡಗಿಯ ಕೈಯಿಂದ ಬಂದದ್ದಲ್ಲ, ನನ್ನ ಅಪ್ಪಯ್ಯನ ಕಿವಿಯಿಂದ ಬಂದದ್ದು. ಮೂಗಿಗೆ ಹಿಡಿದೆ. ಸೀಮೆ ಎಣ್ಣೆ, ಗ್ರೀಸು, ಮತ್ತು ಇವೆರಡರ ಅಡಿಯಲ್ಲಿ ಎಲ್ಲೋ ಎಲೆಯಡಿಕೆ. ಇಷ್ಟು ವರ್ಷಗಳ ಮೇಲೆ ಆ ವಾಸನೆ ನಿಜವಾಗಿ ಉಳಿದಿದೆಯೋ ಅಥವಾ ಕೋಲನ್ನು ಕಂಡೊಡನೆ ನನ್ನ ಮೂಗು ತಾನೇ ಅದನ್ನು ತಯಾರಿಸಿಕೊಳ್ಳುತ್ತದೆಯೋ ನಾನು ಹೇಳಲಾರೆ. ವಿಜ್ಞಾನದ ಪದವೀಧರನಾದ ನಾನು ಈ ಎರಡನೆಯ ಸಾಧ್ಯತೆಯನ್ನು ಒಪ್ಪಬೇಕು. ಆದರೆ ನೀವು ಒತ್ತಾಯಿಸಬೇಡಿ.

ಅಪ್ಪಯ್ಯ ಹೊಸನಗರದಲ್ಲಿ ಸರ್ವಿಸ್ ಕಾರು ಓಡಿಸುತ್ತಿದ್ದರು. ಅರುವತ್ತರ ದಶಕದ ಮಾತು. ಸರ್ವಿಸ್ ಕಾರು ಎಂದರೆ ಇಂದಿನ ತರುಣರಿಗೆ ಸ್ವಲ್ಪ ವಿವರಿಸಬೇಕಾಗುತ್ತದೆ. ಅದು ಟ್ಯಾಕ್ಸಿಯೂ ಹೌದು, ಬಸ್ಸೂ ಹೌದು. ಸಾಗರಕ್ಕೋ ತೀರ್ಥಹಳ್ಳಿಗೋ ಬಸ್ಸು ತಪ್ಪಿದವರು, ಬಸ್ಸಿಗೆ ಕಾಯಲಾರದವರು, ಬಾಣಂತಿಯರು, ಕೋರ್ಟಿನ ಕಟ್ಟು ಬಗಲಲ್ಲಿಟ್ಟವರು ಎಲ್ಲರೂ ಬಂದು ಸೇರಿ, ಸೀಟು ತುಂಬಿ, ತೊಡೆಗಳೂ ತುಂಬಿದ ಮೇಲೆ ಅದು ಹೊರಡುವುದು. ನಮ್ಮದು ಕಪ್ಪು ಬಣ್ಣದ, ಎರಡನೆಯದೋ ಮೂರನೆಯದೋ ಕೈಗೆ ಬಂದ, ವಯಸ್ಸಿನಲ್ಲಿ ನನಗಿಂತ ಹೆಚ್ಚು ಚಿಕ್ಕದಲ್ಲದ ಕಾರು. ಅವ್ವ ಅದನ್ನು "ಅದು" ಎಂದು ಕರೆಯುತ್ತಿರಲಿಲ್ಲ; "ಅವಳು" ಎನ್ನುತ್ತಿದ್ದಳು. "ಅವಳು ಊಟ ಮಾಡಿ ಬಂದಳಾ?" ಎಂದರೆ ಪೆಟ್ರೋಲು ಹಾಕಿಸಿ ಬಂದಿರೋ ಎಂದು ಅರ್ಥ.

ಅಪ್ಪಯ್ಯನ ಕಿವಿಗೆ ಸ್ಟ್ಯಾಂಡಿನಲ್ಲಿ ದೊಡ್ಡ ಹೆಸರಿತ್ತು. ಯಾರ ಗಾಡಿ ಕೆಮ್ಮಿದರೂ ಅವರನ್ನು ಕರೆಯುತ್ತಿದ್ದರು. ಅವರು ಬೀಟೆಯ ಕೋಲಿನ ಸಪೂರ ತುದಿಯನ್ನು ಇಂಜಿನ್ನಿನ ಮೇಲಿಟ್ಟು, ಅಗಲವಾದ ತುದಿಗೆ ಕಿವಿಯೊತ್ತಿ, ಕಣ್ಣು ಮುಚ್ಚಿ, ವೈದ್ಯರಂತೆ ಸ್ವಲ್ಪ ಸ್ವಲ್ಪವೇ ಜಾಗ ಬದಲಿಸುತ್ತ, ಕೊನೆಗೆ "ಇಲ್ಲಿ" ಎನ್ನುತ್ತಿದ್ದರು. ಅದು ಅಲ್ಲೇ ಇರುತ್ತಿತ್ತು. ಶರಾವತಿಯ ಹಿನ್ನೀರು ಬಂದು ಹಳೆಯ ದಾರಿಗಳು ಮುಳುಗಿದ ಮೇಲೂ ಅವರು ಆ ದಾರಿಗಳನ್ನು ಸದ್ದಿನಲ್ಲಿ ನೆನೆಯುತ್ತಿದ್ದರು. "ಆ ತಿರುವಲ್ಲಿ ಹಾರ್ನ್ ಹೊಡೆದ್ರೆ ಗುಡ್ಡ ತಿರುಗಿ ಹೊಡೀತಿತ್ತು" ಎನ್ನುತ್ತಿದ್ದರು. ಈಗ ಆ ತಿರುವಿನಲ್ಲಿ ಮೀನುಗಳಿವೆ. ಗುಡ್ಡ ಮಾತ್ರ ಇದೆ. ಅದು ಉತ್ತರ ಕೊಡಬೇಕೆಂದರೆ ಕೂಗುವವರೇ ಇಲ್ಲ.

ನಾನು ಬಿ.ಎಸ್ಸಿ. ಪಾಸು ಮಾಡಿ ಮನೆಗೆ ಮರಳಿದ್ದ ಬೇಸಿಗೆ ಅದು. ನಮ್ಮ ಕಡೆಯವರಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿ, ಸರಿಯಾದ ಬಾಗಿಲಿನಿಂದಲೇ ಇಳಿದವನು ನಾನೊಬ್ಬನೇ. ಆದ್ದರಿಂದ ಪದವಿಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂಬುದು ನನಗೂ ತಿಳಿದಿರಲಿಲ್ಲ, ಮನೆಯವರಿಗೂ ತಿಳಿದಿರಲಿಲ್ಲ. ನಾನು ಅದನ್ನು ಮಾತಿನಲ್ಲಿ ಇಟ್ಟುಕೊಂಡೆ. "ಊಟಕ್ಕೆ ಬಾರಾ" ಎಂದು ಅವ್ವ ಕರೆದರೆ "ಬರುತ್ತಿದ್ದೇನೆ" ಎಂದು ಪೂರ್ತಿ ಕ್ರಿಯಾಪದದಲ್ಲಿ ಉತ್ತರಿಸುತ್ತಿದ್ದೆ. ಅವಳು ಪಕ್ಕದ ಮನೆಯ ಗಿರಿಜಕ್ಕನ ಕಡೆಗೆ ನೋಡಿ, "ಪಾಪ, ಶಿವಮೊಗ್ಗದ ನೀರು. ಹೊಟ್ಟೇಲಿ ಕೂತದೆ, ಇಳಿಯೂಕೆ ಹೊತ್ತು ಬೇಕು" ಎನ್ನುತ್ತಿದ್ದಳು.

ಅವ್ವನಲ್ಲಿ ಒಂದು ಬದಲಾವಣೆಯನ್ನು ನಾನು ಆಗ ಗಮನಿಸಿದ್ದೆ. ಅವಳ ದನಿ ದೊಡ್ಡದಾಗಿತ್ತು. ಅಪ್ಪಯ್ಯನೊಡನೆ ಅವಳು ಆಡುವ ಪ್ರತಿ ಮಾತೂ ಜಗಳದಂತೆ ಕೇಳುತ್ತಿತ್ತು. "ಯಾರೋ ಕರೀತಿದಾರೆ, ಹೊರಗೆ ಹೋಗಿ!" "ಸಾರು ಸಾಕಾ ಅಂತ ಕೇಳ್ದೆ!" ಗಂಡಹೆಂಡಿರ ನಡುವೆ ವಯಸ್ಸಾಗುತ್ತ ಬೇಸರ ಬೆಳೆದಿದೆಯೆಂದು ತಿಳಿದು ನಾನು ಒಳಗೊಳಗೆ ನೊಂದುಕೊಂಡೆ. ಈ ವಿಷಯದಲ್ಲಿ ಒಂದು ದಿನ ಅವಳಿಗೆ ಸೌಮ್ಯವಾಗಿ ತಿಳಿಹೇಳಬೇಕೆಂದು ಕೆಲವು ವಾಕ್ಯಗಳನ್ನೂ ಯೋಚಿಸಿಟ್ಟಿದ್ದೆ.

ಆ ಬೇಸಿಗೆಯಲ್ಲೇ ನಮ್ಮ ಕಾರಿನ ಕ್ಲಚ್ಚು ಸೋತಿತು. ಏರಿನಲ್ಲಿ ಇಂಜಿನ್ನು ಎಷ್ಟೇ ಮೊರೆದರೂ ಗಾಡಿ ಮಾತ್ರ ಇದ್ದಲ್ಲೇ ಇರುವುದು. ಸುಟ್ಟ ಚಿಂದಿಬಟ್ಟೆಯಂಥ ವಾಸನೆ ಒಳಗೆಲ್ಲ ತುಂಬುವುದು. ಹುಂಚದ ದಾರಿಯ ಒಂದು ಏರಿನಲ್ಲಿ ಪ್ರಯಾಣಿಕರೆಲ್ಲ ಇಳಿದು ನೂಕಿದರಂತೆ. ಶಿವಮೊಗ್ಗದ ಗ್ಯಾರೇಜಿಗೆ ಒಯ್ಯಬೇಕೆಂದರೆ ಅಷ್ಟು ದೂರ ಎಳೆದುಕೊಂಡೇ ಹೋಗಬೇಕು. ಕ್ಲಚ್ಚಿನ ಹೊಸ ಪ್ಲೇಟನ್ನು ಮಾತ್ರ ಅಲ್ಲಿಂದ ಬಸ್ಸಿನಲ್ಲಿ ತರಿಸಿ, ಮನೆಯ ಅಂಗಳದಲ್ಲೇ ಹಾಕುವುದೆಂದು ಅಪ್ಪಯ್ಯನೂ, ಸ್ಟ್ಯಾಂಡಿನ ಇನ್ನೊಬ್ಬ ಡ್ರೈವರ್ ಖಾಸಿಂ ಸಾಬರೂ ನಿಶ್ಚಯಿಸಿದರು.

ಹಲಸಿನ ಮರದ ನೆರಳಿನಲ್ಲಿ ಕಾರನ್ನು ದಿಮ್ಮಿಗಳ ಮೇಲೆ ಎತ್ತರಿಸಿ ನಿಲ್ಲಿಸಿದರು. ಗೇರ್‌ಬಾಕ್ಸಿನ ಗ್ರೀಸು ತಲೆಗೂದಲಿಗೆ ಅಂಟಿದರೆ ವಾರಗಟ್ಟಲೆ ಹೋಗದೆಂದು ಅವ್ವ ಇಬ್ಬರಿಗೂ ಅಡಿಕೆ ಗರಿಯ ಬುಡದ ಅಗಲವಾದ ಹಾಳೆಯ ಟೊಪ್ಪಿ ಕೊಟ್ಟಳು. ತೋಟದ ಕೆಲಸಕ್ಕೆ ಜನ ಹಾಕಿಕೊಳ್ಳುವ ಆ ಟೊಪ್ಪಿಗಳನ್ನು ತೊಟ್ಟು ಅವರಿಬ್ಬರೂ ಕಾರಿನ ಅಡಿಗೆ ನುಸುಳಿದಾಗ ಹೊರಗೆ ನಾಲ್ಕು ಪಾದಗಳು ಮಾತ್ರ ಕಾಣುತ್ತಿದ್ದವು. ಬಿಚ್ಚಿದ ಬೋಲ್ಟುಗಳನ್ನು ಇಡುವುದಕ್ಕೂ ಹಾಳೆಯೇ. ಒಂದೊಂದು ಹಾಳೆಯಲ್ಲಿ ಒಂದೊಂದು ಜಾಗದ ಬೋಲ್ಟುಗಳು. ನಮ್ಮ ಊರುಗಳಲ್ಲಿ ಹಾಳೆಯಿಂದ ಆಗದ ಕೆಲಸವೇ ಇಲ್ಲ: ಅದು ತಟ್ಟೆ, ಅದು ಬೀಸಣಿಗೆ, ಅದು ಮೊರ, ಮಗುವನ್ನು ಮೀಯಿಸುವ ಹಾಸಿಗೆಯೂ ಅದೇ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ.

ನನ್ನ ಪಾಲಿಗೆ ಬಂದ ಕೆಲಸ ಓದುವುದು. ಪ್ಲೇಟಿನ ಡಬ್ಬಿಯ ಮೇಲಿನ ಇಂಗ್ಲಿಷ್ ಸೂಚನೆಗಳನ್ನು ನಾನು ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಅನುವಾದಿಸುತ್ತಿದ್ದೆ. "ಫಲಕದ ಉಬ್ಬಿದ ಮುಖವು ಹಿಂಬದಿಗೆ ಅಭಿಮುಖವಾಗಿರತಕ್ಕದ್ದು." ಅಡಿಯಿಂದ ಖಾಸಿಂ ಸಾಬರ ದನಿ ಬಂತು: "ತಿಮ್ಮಪ್ಪಣ್ಣ, ಮಗ ಎಂತ, ಪುರಾಣ ಓದ್ತಾನಾ? ಮಂಗಳಾರತಿ ಯಾವಾಗ ಅಂತ ಕೇಳಿ, ನನಗೆ ಬೆನ್ನು ಬಿದ್ದೋಯ್ತು!"

ಎಲ್ಲ ಜೋಡಿಸುವಾಗ ಒಂದು ಕೊರತೆ ಕಂಡಿತು. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ಚು ಕುಳಿತುಕೊಳ್ಳುವ ಒಂದು ಕಬ್ಬಿಣದ ಗೂಡು ಇರುತ್ತದೆ. ಅದರ ಪಕ್ಕದಲ್ಲೊಂದು ಕಿಂಡಿ. ಆ ಕಿಂಡಿಯಿಂದ ಒಂದು ಸಣ್ಣ ಕಬ್ಬಿಣದ ತೋಳು ಹೊರಚಾಚಿಕೊಂಡಿರುತ್ತದೆ. ಕಾಲಿನಿಂದ ಪೆಡಲನ್ನು ಒತ್ತಿದಾಗ ಆ ತೋಳು ಆಡಿ ಒಳಗಿನ ಬೇರಿಂಗನ್ನು ದೂಡುತ್ತದೆ. ಕಿಂಡಿಯಿಂದ ಧೂಳು ಒಳಸೇರದಂತೆ ಮುಚ್ಚಿದ್ದ ರಬ್ಬರು ಹರಿದುಹೋಗಿತ್ತು. ಅದನ್ನು ತರಿಸಲು ಮತ್ತೊಮ್ಮೆ ಶಿವಮೊಗ್ಗಕ್ಕೆ ಹೇಳಿಕಳಿಸಬೇಕು. ಅಪ್ಪಯ್ಯ ಅಡಿಯಿಂದಲೇ ಕೂಗಿದರು: "ಒಂದು ತುಂಡು ಹಾಳೆ ನೆನೆಸಿ ಕೊಡೇ!" ಅವ್ವ ದನದ ಬಾನಿಯಲ್ಲಿ ಹಾಳೆಯನ್ನು ನೆನೆಸಿ, ಮೆದುವಾದ ಮೇಲೆ ಕೊಟ್ಟಳು. ಅಪ್ಪಯ್ಯ ಅದನ್ನು ತೋಳಿನ ಸುತ್ತ ಸುತ್ತಿ, ತಂತಿ ಬಿಗಿದು, ಕಿಂಡಿಯನ್ನು ಅಚ್ಚುಕಟ್ಟಾಗಿ ಮುಚ್ಚಿದರು. ಒದ್ದೆ ಹಾಳೆ ಚರ್ಮದಂತೆ ಹೇಳಿದ ಹಾಗೆ ಬಾಗಿತು. ಖಾಸಿಂ ಸಾಬರು ಮೆಚ್ಚಿ ತಲೆದೂಗಿದರು. ಗಾಡಿ ಏರನ್ನು ಹೊಸ ಸೊಸೆಯಂತೆ ಸರಸರನೆ ಹತ್ತಿತು.

ಕೆಲವು ದಿನ ಎಲ್ಲ ಸುಗಮವಾಗಿ ನಡೆಯಿತು. ಆಮೇಲೆ ಸದ್ದು ಬಂತು.

ಕ್ಲಚ್ಚನ್ನು ಒತ್ತಿದಾಗ ಮಾತ್ರ ಬರುವ ಸದ್ದು. ಬಿಟ್ಟರೆ ಇಲ್ಲ. ತೆಳ್ಳನೆಯ, ಎತ್ತರದ, ಹಲ್ಲಿನ ಬುಡಕ್ಕೆ ತಾಗುವಂಥ ಸದ್ದು. ಸ್ಟ್ಯಾಂಡಿಗೆ ಗಾಡಿ ಬಂದು ನಿಲ್ಲುವಾಗ ಅಂಗಡಿಯವರು ತಲೆಯೆತ್ತಿ ನೋಡತೊಡಗಿದರು. "ತಿಮ್ಮಪ್ಪಣ್ಣ, ನಿನ್ ಗಾಡಿ ಗಂಡನ ಮನೆಗೆ ಹೊರಟ ಹುಡುಗಿ ಹಂಗೆ ಅಳ್ತಾ ಬರ್ತದಲ್ಲ!" ಎಂದು ಖಾಸಿಂ ಸಾಬರು ನಕ್ಕರು.

ಅಪ್ಪಯ್ಯ ನಗಲಿಲ್ಲ. "ಎಂತ ಸದ್ದು? ಗಾಡಿ ಅಂದ್ಮೇಲೆ ಸದ್ದು ಮಾಡ್ದೆ ಮಂತ್ರ ಹೇಳ್ತದಾ?" ಎಂದು ಸಿಡುಕಿದರು. ಒಬ್ಬರಲ್ಲ, ಇಬ್ಬರಲ್ಲ, ಕೇಳಿದವರಿಗೆಲ್ಲ ಅದೇ ಉತ್ತರ. ಜನರ ಕಾಯಿಲೆಯನ್ನು ಬೇಡವೆಂದರೂ ಕೇಳಿ ತಿಳಿದುಕೊಳ್ಳುವ ವೈದ್ಯರು, ತಮ್ಮ ಮನೆಯಲ್ಲೇ ಕೆಮ್ಮು ಇಲ್ಲವೆಂದು ಹಟ ಹಿಡಿದ ಹಾಗಿತ್ತು.

ಹುಂಚದ ಪದ್ಮಮ್ಮನವರು ನಮ್ಮ ಕಾರಿನ ಕಾಯಂ ಪ್ರಯಾಣಿಕರು. ವಯಸ್ಸಾದ ಜೈನ ಹೆಂಗಸು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸಾಗರಕ್ಕೆ ಬರುವ ಕಣ್ಣಿನ ಡಾಕ್ಟರಿಗೆ ತೋರಿಸಲು ಅವರನ್ನು ಅಪ್ಪಯ್ಯನೇ ಕರೆದೊಯ್ಯಬೇಕು, ಬೇರೆಯವರ ಗಾಡಿಗೆ ಅವರು ಕಾಲಿಡುವವರಲ್ಲ. ಒಂದು ದಿನ ಗಾಡಿ ತುಂಬಾ ಜನರಿರುವಾಗ ಅವರು ಹಿಂದಿನ ಸೀಟಿನಿಂದ ಮೆಲ್ಲಗೆ ಕೇಳಿದರಂತೆ: "ತಿಮ್ಮಪ್ಪ, ನನಗೆ ಕಣ್ಣು ಕಾಣೋದಿಲ್ಲ, ಕಿವೀನೇ ಗತಿ. ನಿನ್ನ ಗಾಡಿ ಹೀಗೆ ಕೂಗ್ತಿರೋದು ನನಗೆ ಕೇಳ್ತದೆ. ನಿನಗೆ ಕೇಳೋದಿಲ್ವೇನಪ್ಪಾ?"

ಅವರು ಕರುಣೆಯಿಂದಲೇ ಕೇಳಿದ್ದು. ಆದರೆ ಆ ಮಾತು ಗಾಡಿಯಿಂದ ಇಳಿದವರೊಂದಿಗೆ ತಾನೂ ಇಳಿಯಿತು. ಡ್ರೈವರಿಗೆ ಕಿವಿ ಮಂದವಾಗಿದೆಯಂತೆ ಎಂದು ಸ್ಟ್ಯಾಂಡಿನಲ್ಲಿ ಯಾರೋ ಹೇಳಿದರು. ಹಿಂದಿನಿಂದ ಬರುವ ಲಾರಿಯ ಹಾರ್ನು ಕೇಳದಿದ್ದರೆ ಗತಿಯೇನು ಎಂದು ಇನ್ನಾರೋ ಸೇರಿಸಿದರು. ಮದುವೆಯ ದಿಬ್ಬಣಕ್ಕೆಂದು ನಮ್ಮ ಗಾಡಿಯನ್ನು ಹೇಳಿಟ್ಟಿದ್ದವರು ಬೇರೆ ಗಾಡಿಗೆ ಹೇಳಿದರು. ಅಪ್ಪಯ್ಯನಿಗೆ ಸ್ಟೀರಿಂಗ್ ಹಿಡಿಯುವುದನ್ನು ಬಿಟ್ಟು ಬೇರೆ ಬದುಕು ಇರಲಿಲ್ಲ. ನಮಗೂ ಇರಲಿಲ್ಲ.

ಅದನ್ನು ಕೇಳಿ ಬಂದ ದಿನ ಮಧ್ಯಾಹ್ನ, ಊಟವಾದ ಮೇಲೆ, ಅಪ್ಪಯ್ಯ ಅಂಗಳದಲ್ಲಿ ಒಬ್ಬರೇ ಗಾಡಿ ಸ್ಟಾರ್ಟು ಮಾಡಿದರು. ಪೆಡಲಿಗೂ ಸೀಟಿಗೂ ನಡುವೆ ಒಂದು ಕಟ್ಟಿಗೆಯನ್ನು ಅಡ್ಡ ಕೊಟ್ಟು ಕ್ಲಚ್ಚನ್ನು ಒತ್ತಿ ಹಿಡಿಯುವಂತೆ ಮಾಡಿ, ಅಡಿಗೆ ಬಾಗಿ, ಬೀಟೆಯ ಕೋಲನ್ನು ಗೂಡಿಗೆ ಹಚ್ಚಿದರು. ನಾನು ಕಿಟಕಿಯಲ್ಲಿ ಪುಸ್ತಕ ಹಿಡಿದು ನಿಂತಿದ್ದೆ. ಆ ಸದ್ದು ನನಗೆ ಗೋಡೆಯಾಚೆಯಿಂದ ಸ್ಪಷ್ಟವಾಗಿ ಕೇಳುತ್ತಿತ್ತು. ಅಪ್ಪಯ್ಯ ಬಲಗಿವಿಗೆ ಹಿಡಿದಿದ್ದ ಕೋಲನ್ನು ಎಡಗಿವಿಗೆ ಬದಲಿಸಿದರು. ಮತ್ತೆ ಬಲಕ್ಕೆ. ಕಿವಿಯನ್ನು ಬೆರಳಿನಿಂದ ಒರೆಸಿಕೊಂಡು, ಮತ್ತೆ ಎಡಕ್ಕೆ. ಅವರ ಮುಖದಲ್ಲಿ ಎಂದಿನ "ಇಲ್ಲಿ" ಮೂಡಲಿಲ್ಲ. ಗಾಡಿ ಅವರ ಕೈಯಲ್ಲೇ ಅರಚುತ್ತಿತ್ತು. ಅವರು ಅದರ ಮೌನವನ್ನು ಆಲಿಸುತ್ತಿದ್ದರು.

ಹಿಂದೆ ಅವ್ವ ಬಂದು ನಿಂತದ್ದು ನನಗೆ ತಿಳಿಯಲಿಲ್ಲ. "ನೋಡಿದ್ಯಾ?" ಎಂದಳು, ಬಹಳ ದಿನಗಳ ಮೇಲೆ ಸಣ್ಣ ದನಿಯಲ್ಲಿ. "ವರ್ಷ ಆಯ್ತು ಮಗಾ. ದೊಡ್ಡ ಸದ್ದು ಕೇಳ್ತದೆ, ಸಣ್ಣದು ಕೇಳೂದಿಲ್ಲ. ಹಕ್ಕಿ ಕೂಗಿದ್ದು ಕೇಳೂದಿಲ್ಲ. ನೀನು ಕೇಳೂಕೆ ಹೋಗಬೇಡ. ಅವರು ಹೇಳೂದಿಲ್ಲ."

ಹೀಗೆ ಅವ್ವನ ಸಿಟ್ಟೆಂದು ನಾನು ತಿಳಿದಿದ್ದದ್ದು ಸಿಟ್ಟಲ್ಲವೆಂದು ಗೊತ್ತಾಯಿತು. ಇಡೀ ವರ್ಷ ಅವಳು ತನ್ನ ಗಂಟಲನ್ನು ಅವರ ಕಿವಿಗೆ ಒತ್ತೆಯಿಟ್ಟಿದ್ದಳು. ನಾನು ಯೋಚಿಸಿಟ್ಟಿದ್ದ ಸೌಮ್ಯವಾದ ವಾಕ್ಯಗಳು ನನ್ನಲ್ಲೇ ಉಳಿದುಹೋದವು, ಒಳ್ಳೆಯದೇ ಆಯಿತು.

ಮರುದಿನ ಖಾಸಿಂ ಸಾಬರು ಬಂದು ತಮ್ಮ ತೀರ್ಪು ಹೇಳಿದರು. ಒತ್ತಿದಾಗ ಬಂದು ಬಿಟ್ಟಾಗ ನಿಲ್ಲುವ ಸದ್ದು ಬೇರಿಂಗಿನದೇ. ಗೇರ್‌ಬಾಕ್ಸನ್ನು ಮತ್ತೆ ಇಳಿಸಬೇಕು. ಹೊಸ ಬೇರಿಂಗು ಬರುವವರೆಗೆ ಗಾಡಿ ದಿಮ್ಮಿಯ ಮೇಲೆ. ಅಷ್ಟರಲ್ಲಿ ಪದ್ಮಮ್ಮನವರ ಡಾಕ್ಟರು ಸಾಗರಕ್ಕೆ ಬಂದು ಹೋಗಿರುತ್ತಾರೆ. ಗಾಡಿ ನಿಂತರೆ ಸ್ಟ್ಯಾಂಡಿನ ಜನ ಆಡುವ ಮಾತು ನಿಜವಾಗುತ್ತದೆಂದು ಅಪ್ಪಯ್ಯನಿಗೆ ಗೊತ್ತಿತ್ತು. ಅವರು ಸಾಬರನ್ನು ಕಳಿಸಿಕೊಟ್ಟರು. ಬಹಳ ಹೊತ್ತು ಎಲೆಯಡಿಕೆ ಜಗಿದರು. ಆಮೇಲೆ ನನ್ನ ಕಡೆ ನೋಡದೆ ಕೇಳಿದರು:

"ನಿಂಗೆ ಹೆಂಗೆ ಕೇಳ್ತದೆ?"

ಅದೊಂದೇ ಪ್ರಶ್ನೆ. ತಮಗೆ ಕೇಳದೆಂದು ಅವರು ಹೇಳಿದ್ದು ಅಷ್ಟರಲ್ಲೇ. ಆ ದಿನ ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ನಾನು ಗಂಟಲು ಸರಿಮಾಡಿಕೊಂಡೆ. ಇಷ್ಟು ವರ್ಷ ಓದಿದ್ದು ಈ ಕ್ಷಣಕ್ಕಾಗಿಯೇ ಎಂಬಂತೆ, "ಅದು ತೀಕ್ಷ್ಣವಾದ, ಲೋಹದ ಘರ್ಷಣೆಯಿಂದ ಉಂಟಾಗುವಂಥ ಕರ್ಕಶ ಧ್ವನಿ" ಎಂದೆ.

ಅಪ್ಪಯ್ಯ ನನ್ನನ್ನು ಕನಿಕರದಿಂದ ನೋಡಿದರು. "ಅದು ನಿಮ್ಮ ಮೇಷ್ಟ್ರಿಗೆ ಹೇಳು. ನಂಗೆ ಬಾಯಲ್ಲಿ ಮಾಡಿ ತೋರ್ಸು."

"ಬಾಯಲ್ಲೇ?"

"ಮತ್ತೆ? ಕೈಯಲ್ಲಿ ಸದ್ದು ಮಾಡ್ತಾರಾ?"

ಅವ್ವನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದರು. ಜೀವಮಾನದಲ್ಲಿ ಅವಳು ಆ ಸೀಟಿನಲ್ಲಿ ಕುಳಿತವಳಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸ್ಟೀರಿಂಗನ್ನು ಬಿದ್ದೀತೋ ಎಂಬಂತೆ ಎರಡೂ ಕೈಯಿಂದ ಹಿಡಿದುಕೊಂಡು, "ಇವಳು ಹೊರಟುಬಿಟ್ರೆ ನಾನು ನೇರ ಗಿರಿಜಕ್ಕನ ಅಡುಗೆಮನೆಗೇ ಹೋಗೂದು, ಈಗಲೇ ಹೇಳಿದೀನಿ!" ಎಂದಳು. ಬೇಲಿಯ ಆಚೆ ಗಿರಿಜಕ್ಕ ಮೊರವನ್ನು ಕೆಳಗಿಟ್ಟು ಸರಿಯಾಗಿ ಕುಳಿತಳು. ಇಂಜಿನ್ನು ಓಡಿತು. ನಾನು ಗೂಡಿನ ಬಳಿ ತಲೆಯಿಟ್ಟೆ. ಅಪ್ಪಯ್ಯ ನನ್ನೆದುರು ಕುಕ್ಕರುಗಾಲಿನಲ್ಲಿ ಕುಳಿತರು.

"ಒತ್ತೇ!" ಎಂದರು. ಅವ್ವ ಒತ್ತಿದಳು.

ನಾನು ಹೊರಗೆ ಬಂದು, ಬೇಲಿಯತ್ತ ಒಮ್ಮೆ ನೋಡಿ, ಆದಷ್ಟು ಗೌರವಯುತವಾಗಿ "ಕ್ರೀಂಚ್" ಎಂದೆ.

"ಇದು ಸದ್ದಲ್ಲ, ಇದು ಪದ" ಎಂದರು ಅಪ್ಪಯ್ಯ. "ಕಣ್ಣು ಮುಚ್ಕೋ. ನಿನ್ನ ಓದು ಅಲ್ಲಿ ಕಟ್ಟೆ ಮೇಲಿಡು. ಗಾಡಿ ಎಂತ ಹೇಳ್ತದೆ, ಅದನ್ನ ಹಾಗೇ ಹೇಳು. ಒತ್ತೇ!"

ನಾನು ಮತ್ತೆ ಆಲಿಸಿದೆ. ಕಣ್ಣು ಮುಚ್ಚಿದೆ. ಆಮೇಲೆ ಏನಾಯಿತೋ ತಿಳಿಯದು. ನಾಚಿಕೆ ಯಾವುದೋ ಸಂದಿಯಲ್ಲಿ ಜಾರಿಹೋಯಿತು. ಬಾಯಿ ಓರೆಮಾಡಿ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಉಸಿರನ್ನು ಸಣ್ಣಗೆ ಬಿಡುತ್ತ ನಾನು ಕಾರಾದೆ: "ಸ್‌ಚರ್‌ರ್‌ರ್ ಪರ್ ಪರ್ ಸ್‌ಚರ್‌ರ್‌ರ್..." ಹೊಸನಗರದಲ್ಲಿ ಬೆರಳೆಣಿಕೆಯಷ್ಟಿದ್ದ ಪದವೀಧರರಲ್ಲೊಬ್ಬ ಹಗಲು ಬೆಳಕಿನಲ್ಲಿ ಅಂಗಳದ ನಡುವೆ ಕುಕ್ಕರಿಸಿ ಹೀಗೆ ಕೂಗುತ್ತಿರುವುದನ್ನು ಕಂಡು ಗಿರಿಜಕ್ಕ ನಕ್ಕ ನಗು ಇಂಜಿನ್ನಿನ ಸದ್ದನ್ನೂ ಮೀರಿತು. ಅವ್ವ ಸೀಟಿನಲ್ಲೇ ಕಣ್ಣೊರೆಸಿಕೊಂಡಳು. "ಬಿಡೂಕೆ ಹೇಳಿ, ನಗೆಯಲ್ಲಿ ಕಾಲು ನಡುಗ್ತದೆ!"

ಅಪ್ಪಯ್ಯ ಮಾತ್ರ ನಗಲಿಲ್ಲ. ನನ್ನ ತುಟಿಗಳನ್ನೇ ನೋಡುತ್ತಿದ್ದರು. "ಇನ್ನೊಂದ್ಸಲ." ಮಾಡಿದೆ. "ಒತ್ತಿದ ಕೂಡ್ಲೇ ಬರ್ತದಾ, ಅರ್ಧ ಒತ್ತಿದ ಮೇಲಾ?" ಅರ್ಧದ ಮೇಲೆ. "ಇಂಜಿನ್ ಜೋರು ಮಾಡಿದ್ರೆ?" ಇನ್ನೂ ಸಪೂರವಾಗುತ್ತದೆ. "ಇನ್ನೊಂದ್ಸಲ ಮಾಡು." ನಾನು ಮಾಡಿದೆ, ಅವರು ಕೈ ಚಾಚಿ ನನ್ನ ಗಂಟಲಿನ ಮೇಲೆ ಎರಡು ಬೆರಳಿಟ್ಟರು. ಗ್ರೀಸಿನ ಒರಟು ಬೆರಳು. ಬಹಳ ಚಿಕ್ಕಂದಿನಲ್ಲಿ ಜ್ವರ ನೋಡುವಾಗ ಬಿಟ್ಟರೆ ಅವರು ನನ್ನನ್ನು ಮುಟ್ಟಿದ ನೆನಪು ನನಗಿರಲಿಲ್ಲ.

"ಇದು ಕಬ್ಬಿಣ ಅಲ್ಲ ಮಗಾ" ಎಂದರು ನಿಧಾನವಾಗಿ. "ಕಬ್ಬಿಣ ಹಿಂಗೆ ಉಸುರು ಬಿಡೂದಿಲ್ಲ. ನೀನು ಲೋಹ ಲೋಹ ಅಂತೀಯ. ನಿನ್ನ ಬಾಯಿ ಬೇರೇನೇ ಹೇಳ್ತದೆ. ಇದು ಒಣಗಿದ್ದು ಎಂತದೋ."

ಅವರ ಕಣ್ಣು ನನ್ನಿಂದ ಬಾನಿಯ ಕಡೆಗೆ, ಬಾನಿಯಿಂದ ಸೀಟಿನಲ್ಲಿದ್ದ ಅವ್ವನ ಕಡೆಗೆ ಹೋಯಿತು. "ಹಾಳೆ!" ಎಂದರು. "ನೀನು ನೆನೆಸಿ ಕೊಟ್ಟದ್ದು!"

"ಹೌದು, ಇನ್ನು ಅದಕ್ಕೂ ನಾನೇ!" ಎಂದಳು ಅವ್ವ.

ಹಾಳೆಯೇ ಆಗಿತ್ತು. ನೆನೆದಾಗ ಚರ್ಮದಂತೆ ಬಾಗಿ ಕುಳಿತಿದ್ದ ಅದು ಇಂಜಿನ್ನಿನ ಕಾವಿಗೆ ದಿನದಿಂದ ದಿನಕ್ಕೆ ಒಣಗಿ, ಗಟ್ಟಿಯಾಗಿ, ಒಳಮುಖವಾಗಿ ಸುರುಳಿಗೊಂಡಿತ್ತು. ಪೆಡಲನ್ನು ಒತ್ತಿ ತೋಳು ಆಡಿದಾಗಲೆಲ್ಲ ಅದರ ಅಂಚು ಒಳಗೆ ತಿರುಗುವ ಕ್ಲಚ್ಚಿಗೆ ತಾಗಿ ಅರಚುತ್ತಿತ್ತು. ಬೇರಿಂಗು ಸುಭದ್ರವಾಗಿತ್ತು. ಇಂಥ ತಪ್ಪನ್ನು ಲೋಕದ ಬೇರೆ ಯಾವ ಮೂಲೆಯ ಮೆಕ್ಯಾನಿಕ್ಕೂ ಮಾಡಿರಲಾರನೆಂದು ನಾನು ಧೈರ್ಯವಾಗಿ ಹೇಳಬಲ್ಲೆ. ಅಪ್ಪಯ್ಯ ಕೊಕ್ಕೆಯ ತಂತಿಯಿಂದ ಅದನ್ನು ಎಳೆದು ತೆಗೆದು, ಹಳೆಯ ಟ್ಯೂಬಿನ ಒಂದು ತುಂಡನ್ನು ಕತ್ತರಿಸಿ ಆ ಕಿಂಡಿಗೆ ಕಟ್ಟಿದರು. ಮತ್ತೆ ಗಾಡಿ ಸ್ಟಾರ್ಟಾಯಿತು.

"ಒತ್ತೇ!"

ಅವ್ವ ಒತ್ತಿದಳು. ಅಪ್ಪಯ್ಯ ಗಾಡಿಯನ್ನು ನೋಡಲಿಲ್ಲ, ಕೋಲನ್ನು ಮುಟ್ಟಲಿಲ್ಲ. ನನ್ನ ಮುಖವನ್ನು ನೋಡಿದರು. ನಾನು ತಲೆಯಾಡಿಸಿ, "ಇಲ್ಲ ಅಪ್ಪಯ್ಯ, ಎಂತದೂ ಇಲ್ಲ" ಎಂದೆ. ಶಿವಮೊಗ್ಗದ ನೀರು ಆಗ ಇಳಿದಿತ್ತೆಂದು ಕಾಣುತ್ತದೆ.

ಆಗ ಅವರು ನಕ್ಕರು. "ಈಗ ನಂಗೂ ನಿಂಗೂ ಒಂದೇ ಕೇಳ್ತದೆ" ಎಂದರು.

ಡಾಕ್ಟರು ಬರುವ ದಿನ ಪದ್ಮಮ್ಮನವರನ್ನು ಸಾಗರಕ್ಕೆ ಕರೆದೊಯ್ಯುವಾಗ ಅಪ್ಪಯ್ಯ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಆನಂದಪುರದಲ್ಲಿ ಕಾಫಿಗೆ ನಿಂತಾಗ ಪದ್ಮಮ್ಮನವರು, "ಗಾಡಿ ಈಗ ಸುಮ್ಮನಾಗಿದೆ ತಿಮ್ಮಪ್ಪ. ಯಾರು ಕಂಡುಹಿಡಿದದ್ದು?" ಎಂದು ಕೇಳಿದರು. ಹೋಟೆಲಿನ ಮುಂದೆ ಬೇರೆ ಗಾಡಿಗಳ ಡ್ರೈವರುಗಳೂ ಇದ್ದರು. ಅಪ್ಪಯ್ಯ ಲೋಟವನ್ನು ಕೆಳಗಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದರು: "ಕೇಳಿದ್ದು ಇವನು ಅಮ್ಮಾ. ನಾನು ಬಿಚ್ಚಿದ್ದು ಅಷ್ಟೇ. ಸಣ್ಣ ಸದ್ದು ನಂಗೆ ಈಗ ಕೇಳೂದಿಲ್ಲ." ಹೇಳಿ ಮತ್ತೆ ಲೋಟ ಎತ್ತಿಕೊಂಡರು. ಪದ್ಮಮ್ಮನವರು ಗಾಳಿಯಲ್ಲಿ ಕೈ ಆಡಿಸಿ, ನನ್ನ ತಲೆ ಸಿಕ್ಕಿದಲ್ಲಿ ಕೈಯಿಟ್ಟರು.

ಆ ಮಳೆಗಾಲ ಬರುವವರೆಗೂ ನಾನು ಆ ಪಕ್ಕದ ಸೀಟಿನಲ್ಲೇ ಇದ್ದೆ. "ಲಾರಿ ಬಂತು ಅಪ್ಪಯ್ಯ." "ಹಿಂದೆ ಬಸ್ಸು, ಜಾಗ ಕೊಡಿ." "ಯಾರೋ ಕೂಗಿದ್ರು, ನಿಲ್ಸಿ." ಅಷ್ಟು ಚಿಕ್ಕ ವಾಕ್ಯಗಳಲ್ಲಿ, ಅಷ್ಟು ಪ್ರಯೋಜನಕ್ಕೆ ಬೀಳುವ ಕನ್ನಡವನ್ನು ನಾನು ಮತ್ತೆ ಎಂದೂ ಆಡಲಿಲ್ಲ. ಬದುಕಿನಲ್ಲಿ ಯಾವುದಾದರೊಂದು ಕಾಲವನ್ನು ಮರಳಿ ಕೊಡುವುದಾದರೆ ಯಾವುದನ್ನು ಕೇಳುವೆ ಎಂದು ನೀವು ನನ್ನನ್ನು ಕೇಳಿದರೆ, ಕಾಲೇಜಿನದಲ್ಲ, ಮದುವೆಯದೂ ಅಲ್ಲ, ಆ ಸೀಟನ್ನು ಕೇಳುತ್ತೇನೆ.

ತೀರ್ಥಹಳ್ಳಿಯ ಹೈಸ್ಕೂಲಿನಿಂದ ನನಗೆ ಕೆಲಸದ ಆರ್ಡರು ಬಂದ ದಿನ ಅಪ್ಪಯ್ಯ ಕಾರನ್ನು ತೊಳೆದು, ಕುಂಕುಮ ಹಚ್ಚಿ, ಬೀಗದ ಕೈಯನ್ನು ಖಾಸಿಂ ಸಾಬರ ಮಗನಿಗೆ ಕೊಟ್ಟರು. ಯಾರೂ ಅವರಿಗೆ ಬಿಡು ಎಂದಿರಲಿಲ್ಲ. "ಕಿವಿ ತೀರ್ಥಹಳ್ಳಿಗೆ ಹೋಯ್ತು" ಎಂದು ಸಾಬರಿಗೆ ಹೇಳಿದರಂತೆ. ಆದರೆ ಅವರು ಸ್ಟ್ಯಾಂಡನ್ನು ಬಿಡಲಿಲ್ಲ. ರಜೆಗೆ ಊರಿಗೆ ಬಂದಾಗಲೆಲ್ಲ ನಾನು ಅಲ್ಲಿ ಒಂದು ಅಪೂರ್ವ ದೃಶ್ಯವನ್ನು ಕಾಣುತ್ತಿದ್ದೆ. ಅಶ್ವತ್ಥಕಟ್ಟೆಯ ಮೇಲೆ ಅಪ್ಪಯ್ಯ. ಅವರೆದುರಿಗೆ ಮೀಸೆ ಹೊತ್ತ ಡ್ರೈವರುಗಳು ಒಬ್ಬೊಬ್ಬರಾಗಿ ನಿಂತು ತಮ್ಮ ತಮ್ಮ ಗಾಡಿಯಾಗಿ ಕೂಗುತ್ತಿದ್ದರು. "ಗುರ್ ಗುರ್ ಟಕ್." "ಕುಂಯ್ ಕುಂಯ್." ಅವರು ತುಟಿಗಳನ್ನು ನೋಡುತ್ತ, ಕೆಲವೊಮ್ಮೆ ಗಂಟಲಿಗೆ ಬೆರಳಿಡುತ್ತ, "ಇನ್ನೊಂದ್ಸಲ ಮಾಡು" ಎನ್ನುತ್ತಿದ್ದರು. ಕೊನೆಗೆ "ಅಲ್ಲಿ ನೋಡು" ಎನ್ನುತ್ತಿದ್ದರು. ಅದು ಅಲ್ಲೇ ಇರುತ್ತಿತ್ತು.

ಅವರು ಹೋಗಿ ಬಹಳ ಕಾಲವಾಯಿತು. ಅವರು ಆಡಿದ ಮಾತುಗಳನ್ನು ನಾನು ಮೇಲೆ ಬರೆದಿದ್ದೇನೆ, ಸರಿಯಾಗಿಯೇ ಬರೆದಿದ್ದೇನೆಂದು ನಂಬುತ್ತೇನೆ. ಆದರೆ ನಿಜ ಹೇಳುತ್ತೇನೆ, ಆ ದನಿ ನನಗೀಗ ಕೇಳುವುದಿಲ್ಲ. ಮಾತು ಬರುತ್ತದೆ, ದನಿ ಬರುವುದಿಲ್ಲ. ಕೋಲನ್ನು ಎದೆಗೆ ಹಿಡಿದು ಕಿವಿಯೊತ್ತಿದರೆ ಕೇಳೀತೇ ಎಂಬ ಹುಚ್ಚು ಆಲೋಚನೆಯೂ ಒಮ್ಮೊಮ್ಮೆ ಬಂದದ್ದುಂಟು.

"ಅಪ್ಪಾ, ಸಿಕ್ತಾ ಇಲ್ವಾ?" ಎಂದು ಹೊರಗಿನಿಂದ ಮಗಳು ಕೂಗಿದಳು.

ಕೋಲನ್ನು ಹಿಡಿದು ಅಂಗಳಕ್ಕೆ ಇಳಿದೆ. ಅವಳು ಬಾನೆಟ್ಟು ಎತ್ತಿ, ಇಂಜಿನ್ನು ಓಡಿಸಿ, ಸೀಟಿನಲ್ಲಿ ಕುಳಿತಳು. ಬಗ್ಗಿ ಕೋಲಿನ ಸಪೂರ ತುದಿಯನ್ನು ತಳಕ್ಕೆ ಇಳಿಸಿ, ಅಪ್ಪಯ್ಯ ನುಣುಪಾಗಿಸಿದ ತುದಿಗೆ ಕಿವಿಯೊತ್ತಿದೆ. "ಈಗ ಒತ್ತಿದೀನಿ" ಎಂದಳು. "ಬಂತಲ್ಲಾ? ಕೇಳ್ತಾ?"

ಇಂಜಿನ್ನಿನ ಗುಂಯ್‌ಗುಡುವಿಕೆ ಕೇಳಿತು. ಅಷ್ಟೇ. ಕೋಲನ್ನು ಎಡಗಿವಿಗೆ ಬದಲಿಸಿದೆ. ಮತ್ತೆ ಬಲಕ್ಕೆ. ಹಾಗೆ ಬದಲಿಸುತ್ತಿರುವಾಗಲೇ ನನ್ನ ಕೈಗಳು ಯಾರ ಕೈಗಳೆಂದು ನನಗೆ ತಿಳಿಯಿತು. ಈ ವರ್ಷ ಸಾಗರದಲ್ಲಿ ಹಕ್ಕಿಗಳು ಕಡಿಮೆಯಾಗಿವೆಯೆಂದು ನಾನು ಎಲ್ಲರಲ್ಲೂ ಹೇಳುತ್ತ ಬಂದಿದ್ದೆ.

"ಗಾಡಿ ಅಂದ್ಮೇಲೆ" ಎಂದು ಒಂದು ಉತ್ತರ ನಾಲಿಗೆಯ ತುದಿಗೆ ತಾನಾಗಿ ಬಂದು ನಿಂತಿತು. ಅದನ್ನು ನುಂಗಿಕೊಂಡೆ. ಕೋಲನ್ನು ಕೆಳಗಿಟ್ಟು, ಅವಳ ಕಿಟಕಿಯ ಬಳಿಗೆ ಹೋಗಿ, ಮೊಣಕಾಲಿನ ಮೇಲೆ ಕೈಯೂರಿ ಅವಳ ಮುಖದೆದುರು ಬಗ್ಗಿ ನಿಂತೆ.

"ನಿಂಗೆ ಹೆಂಗೆ ಕೇಳ್ತದೆ?" ಎಂದೆ. "ಬಾಯಲ್ಲಿ ಮಾಡಿ ತೋರ್ಸು."

"ಇಲ್ಲೇ?" ಎಂದಳು ಅವಳು. ಕಾಂಪೌಂಡಿನ ಆಚೆ ಯಾರಿದ್ದಾರೆಂದು ಒಮ್ಮೆ ನೋಡಿದಳು. ಆಮೇಲೆ ನನ್ನ ಮುಖದಲ್ಲಿ ಏನು ಕಂಡಳೋ, ಕಣ್ಣು ಮುಚ್ಚಿ, ಬಾಯಿ ಓರೆಮಾಡಿದಳು. ನಾನು ಅವಳ ತುಟಿಗಳನ್ನೇ ನೋಡುತ್ತ ನಿಂತೆ.